ಆರು ವರ್ಷದ ಮಗಳಿಂದ ಅತ್ತೆಯವರವರೆಗೆ ಎಲ್ಲರೂ ಕೂತು ಆಡಬಹುದಾದ ಪೋಕೆಮಾನ್ ಬೋರ್ಡ್ ಆಟ ಯಾವುದು?

ನೇರಳೆಮರ:

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ಮನೆಯಲ್ಲಿ ಹತ್ತು ವರ್ಷದ ಮಗ ಮತ್ತು ಆರು ವರ್ಷದ ಮಗಳು ಇದ್ದಾರೆ. ಇಬ್ಬರಿಗೂ ಪೋಕೆಮಾನ್ ಒಂದಿದ್ದರೆ ಊಟ ತಿಂಡಿಯ ನೆನಪೂ ಇರುವುದಿಲ್ಲ. ಟಿ.ವಿ.ಯಲ್ಲಿ ನೋಡಿ ನೋಡಿ ಆ ಕಾರ್ಟೂನ್ ಜೀವಿಗಳ ಹೆಸರುಗಳೆಲ್ಲ ಬಾಯಿಪಾಠವಾಗಿವೆ. ಚಾರ್ಮಾಂಡರ್ ಎಂಬ ಮರಿ ಬೆಳೆದು ಏನಾಗುತ್ತದೆ, ನೀರಿನ ಜಾತಿಯ ಎದುರು ಯಾವುದನ್ನು ಇಳಿಸಬೇಕು ಎಂಬುದನ್ನೆಲ್ಲ ಮಗ ಅಜ್ಜಿಗೂ ಪಾಠ ಮಾಡಿಬಿಟ್ಟಿದ್ದಾನೆ. ಈ ಆಸಕ್ತಿ ಪರದೆಯ ಮುಂದೆಯೇ ಮುಗಿದುಹೋಗದೆ, ರಾತ್ರಿ ಊಟವಾದ ಮೇಲೆ ಚಾಪೆ ಹಾಸಿಕೊಂಡು ಒಂದು ಗಂಟೆ ಎಲ್ಲರೂ ಆಡುವಂತಹ ಆಟವೊಂದು ಮನೆಗೆ ಬಂದರೆ ಚೆನ್ನಾಗಿರುತ್ತದೆ ಎಂಬುದು ನನ್ನ ಆಸೆ.

ನನ್ನ ಅಣ್ಣ ಅಮೆರಿಕದಲ್ಲಿದ್ದಾನೆ. ದೀಪಾವಳಿಗೆ ಬರುವಾಗ ಒಂದು ಪೆಟ್ಟಿಗೆ ತರುತ್ತೇನೆ, ಯಾವುದು ಬೇಕೆಂದು ನೀನೇ ಹೇಳು ಎಂದಿದ್ದಾನೆ. ಅವನು ಕಳುಹಿಸಿದ ಪಟ್ಟಿಯಲ್ಲಿ ಪೋಕೆಮಾನ್ ಮೊನೊಪಲಿ, ಪೋಕೆಮಾನ್ ಲ್ಯಾಬಿರಿಂತ್, ಬ್ಯಾಟಲ್ ಅಕಾಡೆಮಿ ಎಂಬ ಮೂರು ಹೊಸ ಆಟಗಳಿವೆ. ಇವಲ್ಲದೆ ಮಾಸ್ಟರ್ ಟ್ರೇನರ್ ಎಂಬ ಹಳೆಯ ಆಟದ ಬಳಸಿದ ಪ್ರತಿಯೂ ಸಿಗುತ್ತದಂತೆ. ಪೆಟ್ಟಿಗೆಯ ಮೇಲಿನ ಚಿತ್ರ ನೋಡಿದರೆ ನಾಲ್ಕೂ ಒಂದೇ ರೀತಿ ಕಾಣುತ್ತವೆ. ಆದ್ದರಿಂದಲೇ ಇಲ್ಲಿ ಕೇಳುತ್ತಿದ್ದೇನೆ.

ಆಯ್ಕೆಗೆ ಮುಖ್ಯವಾದ ಎರಡು ಸಂಗತಿಗಳನ್ನು ಹೇಳಬೇಕು. ನಮ್ಮ ಯಜಮಾನರು ತಡವಾಗಿ ಮನೆಗೆ ಬರುವುದರಿಂದ ಆಡಲು ಕೂರುವವರು ಮಕ್ಕಳಿಬ್ಬರು, ನಾನು ಮತ್ತು ನಮ್ಮ ಅತ್ತೆ. ಅತ್ತೆಯವರಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಮಗಳಿಗೆ ಇನ್ನೂ ಅಕ್ಷರಾಭ್ಯಾಸ ನಡೆಯುತ್ತಿದೆ. ಅಂದರೆ ನಾಲ್ವರಲ್ಲಿ ಇಬ್ಬರು ಕಾರ್ಡಿನ ಮೇಲಿನ ಇಂಗ್ಲಿಷ್ ಓದಲಾರರು. ಆದರೆ ಅತ್ತೆಯವರನ್ನು ಆಟದಲ್ಲಿ ಹಗುರವಾಗಿ ಕಾಣುವಂತಿಲ್ಲ, ಚೌಕಾಬಾರದಲ್ಲಿ ನಮ್ಮ ಓಣಿಯಲ್ಲಿ ಅವರನ್ನು ಗೆದ್ದವರು ಕಡಿಮೆ. ಕೇವಲ ದಾಳ ಉರುಳಿಸಿ ಕಾಯಿ ಮುಂದಿಡುವ ಆಟವಾದರೆ ಅವರು ಎರಡನೆಯ ದಿನವೇ ಎದ್ದುಹೋಗುತ್ತಾರೆ. ಇವುಗಳನ್ನು ಆಡಿ ನೋಡಿದವರು ದಯವಿಟ್ಟು ತಿಳಿಸಬೇಕು.

ಹಳೆಯಪಟ:

ನಮಸ್ಕಾರ ನೇರಳೆಮರ ಅವರಿಗೆ. ನಿಮ್ಮ ಪಟ್ಟಿಯಲ್ಲಿರುವ ಮಾಸ್ಟರ್ ಟ್ರೇನರ್ ಬಗ್ಗೆ ನಾನು ಹೇಳಬಲ್ಲೆ. ನಾನು ಮಂಗಳೂರಿನಲ್ಲಿ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ದುಬೈನಲ್ಲಿದ್ದ ಚಿಕ್ಕಪ್ಪ ಅದನ್ನು ತಂದುಕೊಟ್ಟಿದ್ದರು, ಅದರ ಪಟ ಇವತ್ತಿಗೂ ನಮ್ಮ ಮನೆಯ ಅಟ್ಟದ ಮೇಲಿದೆ.

ಈ ಆಟ ಅಮೆರಿಕದಲ್ಲಿ 1999ರಲ್ಲಿ, ಪೋಕೆಮಾನ್ ಅಲೆ ಅಲ್ಲಿ ತುತ್ತತುದಿಯಲ್ಲಿದ್ದಾಗ, ಹ್ಯಾಸ್ಬ್ರೊ ಕಂಪನಿಯ ಮಿಲ್ಟನ್ ಬ್ರಾಡ್ಲಿ ಹೆಸರಿನಲ್ಲಿ ಬಂದದ್ದು. ಪಟದ ಮೇಲೆ ಇರುವುದು ಮೊದಲ ವಿಡಿಯೊ ಆಟದಲ್ಲಿ ಬರುವ ಕಾಂಟೊ ಪ್ರದೇಶದ ನಕಾಶೆ. ಪ್ಯಾಲೆಟ್ ಟೌನ್ ಎಂಬ ಊರಿನಿಂದ ಹೊರಟು, ದಾರಿಯಲ್ಲಿ ಸಿಕ್ಕ ಪೋಕೆಮಾನ್‌ಗಳನ್ನು ಹಿಡಿಯುತ್ತ, ಕೊನೆಗೆ ಇಂಡಿಗೊ ಪ್ಲೇಟೊ ಎಂಬ ಜಾಗವನ್ನು ತಲುಪಬೇಕು. ದಾರಿಯುದ್ದಕ್ಕೂ ಬಣ್ಣಬಣ್ಣದ ಚುಕ್ಕೆಗಳಿರುತ್ತವೆ, ಅವುಗಳ ಮೇಲೆ ಅದೇ ಬಣ್ಣದ ಸಣ್ಣ ರಟ್ಟಿನ ಬಿಲ್ಲೆಗಳನ್ನು ಮುಖ ಕೆಳಗಾಗಿ ಇಟ್ಟಿರುತ್ತಾರೆ. ನಿಮ್ಮ ಕಾಯಿ ಚುಕ್ಕೆಯ ಮೇಲೆ ನಿಂತಾಗ ಬಿಲ್ಲೆಯನ್ನು ತಿರುಗಿಸಿ ನೋಡುತ್ತೀರಿ, ಯಾವ ಪೋಕೆಮಾನ್ ಎಂಬುದು ಆಗಲೇ ತಿಳಿಯುವುದು. ಬಳಿಕ ದಾಳ ಹಾಕಿ, ಬೇಕಾದ ಸಂಖ್ಯೆ ಬಿದ್ದರೆ ಅದು ನಿಮ್ಮದು, ಇಲ್ಲದಿದ್ದರೆ ಬಿಲ್ಲೆ ಅಲ್ಲಿಯೇ ಉಳಿಯುತ್ತದೆ ಮತ್ತು ಅಲ್ಲಿ ಏನಿದೆ ಎಂಬುದು ಎಲ್ಲರಿಗೂ ಗೊತ್ತಾಗಿರುತ್ತದೆ. ಗುಲಾಬಿ ಬಣ್ಣದವು ಸುಲಭದವು, ಹಳದಿ ಬಣ್ಣದವು ಎಲ್ಲಕ್ಕಿಂತ ಬಲಿಷ್ಠವಾದವು. ಆರು ಜನರವರೆಗೆ ಆಡಬಹುದು.

ಹಿಡಿದ ಪೋಕೆಮಾನ್‌ಗಳಿಂದ ಒಟ್ಟು ಇಪ್ಪತ್ತು ಅಂಕಗಳಷ್ಟು ಬಲ ಕೂಡಿಸಿಕೊಳ್ಳದೆ ಕೊನೆಯ ಜಾಗಕ್ಕೆ ಪ್ರವೇಶವಿಲ್ಲ. ಅಲ್ಲಿ ಒಬ್ಬ ಎದುರಾಳಿಯ ಕಾರ್ಡ್ ತೆಗೆದು ಅವನೊಂದಿಗೆ ಸೆಣಸಬೇಕು, ಗೆದ್ದವರು ಮಾಸ್ಟರ್. ಇಪ್ಪತ್ತು ಅಂಕ ಆದ ಕೂಡಲೇ ಓಡಬೇಕೋ, ಇನ್ನೆರಡು ಒಳ್ಳೆಯ ಬಿಲ್ಲೆ ಹಿಡಿದುಕೊಂಡು ಹೋಗಬೇಕೋ ಎಂಬ ಲೆಕ್ಕಾಚಾರವೇ ಈ ಆಟದ ಜೀವಾಳ. ನಿಮ್ಮ ನಾಲ್ಕು ಪೆಟ್ಟಿಗೆಗಳಲ್ಲಿ ನಕಾಶೆಯ ಮೇಲೆ ತಿರುಗಿ ಪೋಕೆಮಾನ್ ಹಿಡಿಯುವ ಅನುಭವ ನಿಜವಾಗಿ ಇರುವುದು ಇದೊಂದರಲ್ಲೇ. ಬಿಲ್ಲೆ ತಿರುಗಿಸುವ ಆ ಕ್ಷಣಕ್ಕಾಗಿ ನಾವು ಜಗಳವಾಡಿದ್ದೇವೆ. ಬೇರೆಯವರ ಸರದಿಯಲ್ಲಿಯೂ ತಿರುಗಿಸುವ ಕೆಲಸ ತನ್ನದೇ ಎಂದು ನನ್ನ ತಂಗಿ ಪಟ್ಟು ಹಿಡಿಯುತ್ತಿದ್ದಳು.

ಇನ್ನು ಕೊರತೆಗಳು. ಪ್ರತಿಯೊಬ್ಬರಿಗೂ ಒಂದೇ ಕಾಯಿ, ನಡೆ ದಾಳ ಬಿದ್ದಷ್ಟೇ; ಎಡಕ್ಕೋ ಬಲಕ್ಕೋ ಎಂಬುದನ್ನು ಬಿಟ್ಟರೆ ನಿರ್ಧಾರಕ್ಕೆ ಹೆಚ್ಚಿನ ಅವಕಾಶವಿಲ್ಲ. ಸಹಾಯದ ಸಾಮಗ್ರಿಗಳೂ ಆಕಸ್ಮಿಕ ಘಟನೆಗಳೂ ಕಾರ್ಡ್‌ಗಳಲ್ಲಿ ಬರುತ್ತವೆ, ಅವುಗಳ ಮೇಲೆ ಇಂಗ್ಲಿಷ್ ವಾಕ್ಯಗಳಿವೆ. ಆರು ಜನ ಕೂತರೆ ಆಟ ಬಹಳ ಎಳೆಯುತ್ತದೆ, ನಾಲ್ವರಾದರೆ ತಡೆದುಕೊಳ್ಳಬಹುದು. ಕೊಳ್ಳುವುದೇ ಆದರೆ ಬಿಲ್ಲೆಗಳನ್ನು ಬಣ್ಣದ ಪ್ರಕಾರ ಹರಡಿ ತೆಗೆದ ಛಾಯಾಚಿತ್ರವನ್ನು ಮಾರುವವರಿಂದ ಕೇಳಿ ಪಡೆಯಿರಿ. ಇಪ್ಪತ್ತೈದು ವರ್ಷ ದಾಟಿದ ಪೆಟ್ಟಿಗೆಯಲ್ಲಿ ಹಳದಿ ಬಿಲ್ಲೆಗಳು ಮಾತ್ರ ಕಾಣೆಯಾಗಿರುವುದು ಆಶ್ಚರ್ಯದ ಸಂಗತಿಯೇನಲ್ಲ, ಮಕ್ಕಳ ಜೇಬಿಗೆ ಮೊದಲು ಹೋಗುವುದು ಅವೇ.

ಕವಡೆ:

ಅಮ್ಮಾ, ಮೊದಲು ಮೊನೊಪಲಿಯನ್ನು ಪಟ್ಟಿಯಿಂದ ತೆಗೆದುಬಿಡಿ. ಅದು ನಾವೆಲ್ಲ ಬೇಸಿಗೆ ರಜೆಯಲ್ಲಿ ಆಡಿರುವ ಬಿಸಿನೆಸ್ ಆಟದ ಮೂಲವೇ. ಬೀದಿಗಳ ಜಾಗದಲ್ಲಿ ಪೋಕೆಮಾನ್‌ಗಳಿವೆ. ಮನೆ ಮತ್ತು ಹೋಟೆಲುಗಳ ಜಾಗದಲ್ಲಿ ಪೋಕೆ ಮಾರ್ಟ್ ಮತ್ತು ಪೋಕೆಮಾನ್ ಸೆಂಟರ್ ಎಂಬ ಕಟ್ಟಡಗಳಿವೆ. ವ್ಯತ್ಯಾಸ ಅಲ್ಲಿಗೆ ಮುಗಿಯಿತು. ಪಿಕಾಚುವನ್ನು ಹಣ ಕೊಟ್ಟು ಕೊಂಡು, ಅದರ ಮನೆಗೆ ಬಂದ ತಂಗಿಯಿಂದ ಬಾಡಿಗೆ ವಸೂಲು ಮಾಡುವುದರಲ್ಲಿ ಹಿಡಿಯುವ ಸಂತೋಷವೂ ಇಲ್ಲ, ಬೆಳೆಸುವ ಸಂತೋಷವೂ ಇಲ್ಲ. ಒಬ್ಬರು ದಿವಾಳಿಯಾಗಿ ಹೊರಗೆ ಕೂತ ಮೇಲೂ ಉಳಿದವರ ಆಟ ಮುಂದುವರಿಯುತ್ತದೆ, ಮತ್ತು ಹಾಗೆ ಹೊರಗೆ ಕೂರುವವರು ಸಾಮಾನ್ಯವಾಗಿ ಮನೆಯ ಅತಿ ಚಿಕ್ಕವರೇ. ಅಲ್ಲಿ ಬಂದು ನಿಂತವರು ಕೊಳ್ಳದ ಜಾಗವನ್ನು ಕೂಡಲೇ ಹರಾಜು ಹಾಕಬೇಕೆಂಬ ಮೂಲ ನಿಯಮವನ್ನು ಪಾಲಿಸಿದರೆ ಆಟ ಬೇಗ ಮುಗಿಯುತ್ತದೆ ನಿಜ, ಆದರೆ ಆ ನಿಯಮವನ್ನು ಪಾಲಿಸುವ ಮನೆಯನ್ನು ನಾನಂತೂ ನೋಡಿಲ್ಲ.

ನಿಮ್ಮ ಮನೆಗೆ ಹೊಂದುವುದು ಲ್ಯಾಬಿರಿಂತ್. ಇದಕ್ಕೆ ನಾನು ಕೊಡುವ ಮೊದಲ ಕಾರಣ ನಿಮ್ಮ ಅತ್ತೆಯವರೇ. ಚೌಕಾಬಾರದಲ್ಲಿ ಕವಡೆ ಎಷ್ಟು ಬಿದ್ದರೂ ಯಾವ ಕಾಯಿಯನ್ನು ನಡೆಸಬೇಕು, ಯಾರದನ್ನು ಹೊಡೆಯಬೇಕು, ಯಾವಾಗ ಕಟ್ಟೆಯಲ್ಲಿ ಕೂರಬೇಕು ಎಂಬ ನಿರ್ಧಾರ ಆಡುವವರ ಕೈಯಲ್ಲಿದೆ. ಅಂತಹ ಆಟದಲ್ಲಿ ಪಳಗಿದವರಿಗೆ ಒಂದೇ ಕಾಯಿ, ಒಂದೇ ದಾಳದ ಮಾಸ್ಟರ್ ಟ್ರೇನರ್ ಸಪ್ಪೆ ಎನಿಸುವುದು ಖಂಡಿತ. ಲ್ಯಾಬಿರಿಂತ್‌ನಲ್ಲಿ ದಾಳವೇ ಇಲ್ಲ.

ಮೂಲ ಆಟವನ್ನು ರೂಪಿಸಿದವರು ಮ್ಯಾಕ್ಸ್ ಕೊಬರ್ಟ್ ಎಂಬವರು. ಜರ್ಮನಿಯ ರಾವೆನ್ಸ್‌ಬರ್ಗರ್ ಸಂಸ್ಥೆ 1986ರಲ್ಲಿ ಅದನ್ನು ಹೊರತಂದಿತು, ಪೋಕೆಮಾನ್ ಆವೃತ್ತಿಯೂ ಅದೇ ಸಂಸ್ಥೆಯದು. ಪಟದ ಮೇಲೆ ಏಳು ಸಾಲು, ಏಳು ಕಂಬಸಾಲು. ಕೆಲವು ಚೌಕಗಳು ಪಟಕ್ಕೆ ಅಂಟಿಕೊಂಡಿವೆ, ಉಳಿದವು ಬಿಡಿ ಬಿಲ್ಲೆಗಳು, ಎಲ್ಲದರ ಮೇಲೂ ದಾರಿಯ ತುಂಡೊಂದು ಬರೆದಿದೆ, ಒಂದು ಬಿಲ್ಲೆ ಯಾವಾಗಲೂ ಪಟದ ಹೊರಗೆ ಉಳಿಯುತ್ತದೆ. ನಿಮ್ಮ ಸರದಿ ಬಂದಾಗ ಆ ಹೊರಗಿನ ಬಿಲ್ಲೆಯನ್ನು ಬಾಣದ ಗುರುತಿರುವ ಯಾವುದಾದರೂ ಒಂದು ಅಂಚಿನಿಂದ ಒಳಗೆ ತಳ್ಳಬೇಕು. ಇಡೀ ಸಾಲು ಒಂದು ಮನೆ ಸರಿದು, ಆ ಬದಿಯ ಕೊನೆಯ ಬಿಲ್ಲೆ ಹೊರಗೆ ಬೀಳುತ್ತದೆ. ಸರಿದ ಮೇಲೆ ಯಾವ ದಾರಿಗಳು ಕೂಡಿಕೊಂಡವು ಎಂದು ನೋಡಿ, ದಾರಿ ತೆರೆದಿರುವಷ್ಟು ದೂರ ಕಾಯಿಯನ್ನು ನಡೆಸಬಹುದು, ಮನೆಗಳ ಎಣಿಕೆ ಇಲ್ಲ. ಗುರಿ ಎಂದರೆ ನಿಮ್ಮ ಕಾರ್ಡಿನಲ್ಲಿರುವ ಚಿತ್ರ ಪಟದ ಮೇಲೆ ಎಲ್ಲಿದೆಯೋ ಅಲ್ಲಿಗೆ ತಲುಪುವುದು. ಮೂಲ ಆಟದಲ್ಲಿ ನಿಧಿಯ ಚಿತ್ರಗಳಿದ್ದವು, ಇಲ್ಲಿ ಪೋಕೆಮಾನ್‌ಗಳಿವೆ. ಕೈಯಲ್ಲಿರುವ ಎಲ್ಲ ಕಾರ್ಡ್‌ಗಳನ್ನು ಮುಗಿಸಿ ಹೊರಟ ಮೂಲೆಗೆ ಮೊದಲು ಮರಳಿದವರು ಗೆದ್ದರು.

ಕಾರ್ಡಿನ ಮೇಲೆ ಇರುವುದು ಚಿತ್ರ, ಓದಬೇಕಾದ ವಾಕ್ಯ ಯಾವುದೂ ಇಲ್ಲ. ನಿಮ್ಮ ಮಗಳು, ಅತ್ತೆ ಇಬ್ಬರೂ ಯಾರ ಸಹಾಯವೂ ಇಲ್ಲದೆ ಆಡಬಹುದು. ನಾಲ್ವರಿಗೇ ಸೀಮಿತವಾದ ಆಟವಾದರೂ ನೀವು ನಾಲ್ವರೇ ಇದ್ದೀರಿ, ಯಜಮಾನರು ಬಂದ ದಿನ ಮಗಳು ಅವರ ತೊಡೆಯ ಮೇಲೆ ಕೂತು ಜೊತೆಯಾಗಿ ಆಡಲಿ. ಆಟದ ಜಾಣತನವೆಲ್ಲ ಇರುವುದು ಆ ಒಂದು ತಳ್ಳುವಿಕೆಯಲ್ಲಿ: ನಿಮಗೆ ದಾರಿ ತೆರೆಯುವ ಹೊತ್ತಿಗೆ ಎದುರಿನವರ ದಾರಿ ಮುರಿಯಬೇಕು. ಹಿಂದಿನವರು ತಳ್ಳಿದ ಬಿಲ್ಲೆಯನ್ನು ಎದುರು ಅಂಚಿನಿಂದ ನೇರವಾಗಿ ಹಿಂದಕ್ಕೆ ತಳ್ಳಿ ಅವರ ಕೆಲಸವನ್ನು ಅಳಿಸುವಂತಿಲ್ಲ ಎಂಬ ಒಂದು ನಿಯಮವಿದೆ. ಅದನ್ನು ಬಿಡಬೇಡಿ, ಬಿಟ್ಟರೆ ಅಣ್ಣ ತಂಗಿ ಇಬ್ಬರೂ ಒಂದೇ ಸಾಲನ್ನು ಹಿಂದೆ ಮುಂದೆ ತಳ್ಳುತ್ತ ರಾತ್ರಿ ಕಳೆಯುತ್ತಾರೆ.

ಮೇಲೆ ಹಳೆಯಪಟ ಅವರು ಹೇಳಿದಂತೆ ಹಿಡಿಯುವ ಅನುಭವ ಇದರಲ್ಲಿ ಕಡಿಮೆ ಎಂಬುದನ್ನು ಒಪ್ಪುತ್ತೇನೆ. ಇಲ್ಲಿ ಚಾರಿಜಾರ್ಡ್ ಬಲಿಷ್ಠವೂ ಅಲ್ಲ, ಮ್ಯಾಜಿಕಾರ್ಪ್ ದುರ್ಬಲವೂ ಅಲ್ಲ, ಎರಡೂ ಕೇವಲ ತಲುಪಬೇಕಾದ ಚೌಕಗಳು. ನಿಮ್ಮ ಮಗ ಇದನ್ನು ಮೊದಲ ದಿನವೇ ಆಕ್ಷೇಪಿಸುತ್ತಾನೆ.

ಶಿರಸಿಯ ಮೇಷ್ಟ್ರು:

ಕವಡೆ ಅವರ ಕೊನೆಯ ಮಾತಿನಿಂದಲೇ ನಾನು ಆರಂಭಿಸುತ್ತೇನೆ, ಏಕೆಂದರೆ ಹತ್ತು ವರ್ಷದ ಹುಡುಗನ ಆಕ್ಷೇಪ ಸಣ್ಣದಲ್ಲ. ಯಾವ ಜಾತಿಗೆ ಯಾವುದು ಮಣಿಯುತ್ತದೆ ಎಂಬುದನ್ನು ಕಲಿತುಕೊಂಡ ಮಗುವಿಗೆ ಆ ತಿಳಿವಳಿಕೆಯನ್ನು ಬಳಸುವ ಅವಕಾಶ ಆಟದಲ್ಲಿ ಸಿಗಬೇಕು. ಅದು ಸಿಗುವುದು ಬ್ಯಾಟಲ್ ಅಕಾಡೆಮಿಯಲ್ಲಿ. ಶಾಲೆಯ ನಂತರ ನಾನು ನಡೆಸುವ ಆಟದ ಗುಂಪಿನಲ್ಲಿ ಇದನ್ನು ಬಳಸುತ್ತಿದ್ದೇನೆ.

ಇದು ಹೆಸರಿಗೆ ಬೋರ್ಡ್ ಆಟ, ಒಳಗಿರುವುದು ಜಪಾನಿನಲ್ಲಿ 1996ರ ಅಕ್ಟೋಬರ್‌ನಲ್ಲಿ ಶುರುವಾದ ಪೋಕೆಮಾನ್ ಕಾರ್ಡ್ ಆಟವೇ. 2020ರ ಪೆಟ್ಟಿಗೆಯಲ್ಲಿ ಪಿಕಾಚು, ಚಾರಿಜಾರ್ಡ್, ಮ್ಯೂಟೂ ಮುಖ್ಯವಾಗಿರುವ ಅರುವತ್ತು ಅರುವತ್ತು ಕಾರ್ಡ್‌ಗಳ ಮೂರು ಕಟ್ಟುಗಳು, ಇಬ್ಬರು ಎದುರುಬದುರು ಕೂರುವ ಒಂದು ಪಟ, ಪೆಟ್ಟು ಬಿದ್ದದ್ದನ್ನು ಲೆಕ್ಕವಿಡುವ ಬಿಲ್ಲೆಗಳು ಮತ್ತು ಒಂದು ನಾಣ್ಯ ಇವೆ. 2022ರಲ್ಲಿ ಬೇರೆ ಕಟ್ಟುಗಳಿರುವ ಹೊಸ ಪೆಟ್ಟಿಗೆ ಬಂತು. ಈ ಪೆಟ್ಟಿಗೆಯ ನಿಜವಾದ ಗುಣ ಅದು ಕಲಿಸುವ ರೀತಿಯಲ್ಲಿದೆ. ಮೊದಲ ಪಂದ್ಯಕ್ಕೆ ಕಟ್ಟುಗಳನ್ನು ಕಲೆಸಬಾರದು. ಕಾರ್ಡ್‌ಗಳು ಒಂದು ಕ್ರಮದಲ್ಲಿ ಜೋಡಣೆಯಾಗಿ ಬಂದಿರುತ್ತವೆ, ಜೊತೆಗಿರುವ ಪುಸ್ತಿಕೆ ನೀನು ಈಗ ಇದನ್ನು ಇಡು, ಎದುರಾಳಿ ಈಗ ಇದನ್ನು ಎಳೆಯುತ್ತಾನೆ ಎಂದು ಒಂದೊಂದು ಸರದಿಯನ್ನೂ ಹೇಳಿಕೊಡುತ್ತದೆ. ಕಾರ್ಡ್‌ಗಳ ಮೇಲೆ ಸಣ್ಣ ಸಂಖ್ಯೆ ಮುದ್ರಿಸಿರುವುದರಿಂದ, ಆಮೇಲೆ ಬೇರೊಂದು ಮಗುವಿಗೆ ಕಲಿಸಬೇಕಾದಾಗ ಮತ್ತೆ ಅದೇ ಕ್ರಮಕ್ಕೆ ಜೋಡಿಸಬಹುದು. ನಿಯಮಗಳ ಪುಸ್ತಕವನ್ನು ಓದಿ ಹೇಳುವುದಕ್ಕಿಂತ ಈ ವಿಧಾನ ಎಷ್ಟೋ ಮೇಲು ಎಂಬುದನ್ನು ನಾನು ತರಗತಿಯಲ್ಲಿಯೇ ಕಂಡಿದ್ದೇನೆ.

ಆಟದ ಸಾರಾಂಶ ಹೀಗಿದೆ. ಕೈಗೆ ಏಳು ಕಾರ್ಡ್ ಎಳೆದುಕೊಳ್ಳಬೇಕು, ಬಹುಮಾನದ ಕಾರ್ಡ್ ಎಂದು ಆರನ್ನು ಮುಖ ಕೆಳಗಾಗಿ ಬದಿಗಿಡಬೇಕು. ಎದುರಾಳಿಯ ಒಂದು ಪೋಕೆಮಾನ್ ಬಿದ್ದಾಗ ಸಾಮಾನ್ಯವಾಗಿ ಒಂದು ಬಹುಮಾನದ ಕಾರ್ಡ್ ನಿಮ್ಮ ಕೈಸೇರುತ್ತದೆ, ಆರನ್ನೂ ಮೊದಲು ತೆಗೆದುಕೊಂಡವರು ಗೆದ್ದಂತೆ. ಸೆಣಸುವ ಪೋಕೆಮಾನ್ ಒಂದು ಮುಂದೆ ಇರುತ್ತದೆ, ಹಿಂದಿನ ಸಾಲಿನಲ್ಲಿ ಐದರವರೆಗೆ ಕಾಯುತ್ತಿರಬಹುದು. ಹೊಡೆಯಲು ಬೇಕಾದ ಶಕ್ತಿಯ ಕಾರ್ಡ್‌ಗಳಲ್ಲಿ ಒಂದು ಸರದಿಗೆ ಕೈಯಿಂದ ಒಂದನ್ನು ಮಾತ್ರ ಜೋಡಿಸಬಹುದು ಎಂಬ ಮಿತಿಯೇ ಎಲ್ಲ ಯೋಚನೆಗೂ ಮೂಲ: ಈಗ ಮುಂದಿರುವುದಕ್ಕೆ ಕೊಡಬೇಕೋ, ಎರಡು ಸರದಿಯ ನಂತರ ಬರಲಿರುವುದನ್ನು ಹಿಂದೆಯೇ ಸಿದ್ಧಮಾಡಬೇಕೋ ಎಂದು ಪ್ರತಿ ಸಲ ತೀರ್ಮಾನಿಸಬೇಕಾಗುತ್ತದೆ. ಬೆಂಕಿಯದಕ್ಕೆ ನೀರಿನದು ಹೊಡೆದರೆ ಸಾಮಾನ್ಯವಾಗಿ ಪೆಟ್ಟು ಎರಡು ಪಟ್ಟು. ವಿಡಿಯೊ ಆಟದಲ್ಲಿ ಹದಿನೆಂಟು ಜಾತಿಗಳಿದ್ದರೆ ಇಲ್ಲಿ ಕೆಲವನ್ನು ಒಟ್ಟುಗೂಡಿಸಿದ್ದಾರೆ, ಕೀಟದ ಜಾತಿಯವು ಹುಲ್ಲಿನ ಜಾತಿಗೆ ಸೇರಿವೆ, ಬಂಡೆ ಮತ್ತು ನೆಲದ ಜಾತಿಯವು ಹೋರಾಟದ ಜಾತಿಗೆ ಸೇರಿವೆ. ಇದು ನಿಮ್ಮ ಮಗನಿಗೆ ಮೊದಲು ಗೊಂದಲ ಉಂಟುಮಾಡಬಹುದು.

ಆದರೆ ಇದು ಇಬ್ಬರ ಆಟ. ಕಾರ್ಡ್‌ಗಳ ತುಂಬ ಇಂಗ್ಲಿಷ್ ಬರಹವಿದೆ. ನಿಮ್ಮ ಅತ್ತೆ ಮತ್ತು ಮಗಳು ಪಕ್ಕದಲ್ಲಿ ಕೂತು ನೋಡುವವರಾಗಿಬಿಡುತ್ತಾರೆ. ಆದ್ದರಿಂದ ನಾಲ್ವರ ಆಟವಾಗಿ ಇದನ್ನು ನಾನು ಹೇಳುವುದಿಲ್ಲ. ಮಗನಿಗೆಂದೇ ಎರಡನೆಯ ಪೆಟ್ಟಿಗೆಗೆ ಅಣ್ಣನವರ ಚೀಲದಲ್ಲಿ ಜಾಗವಿದ್ದರೆ ಯೋಚಿಸಿ. ಇದೇ ಹೊತ್ತಿನಲ್ಲಿ 2023ರಲ್ಲಿ ಬಂದ ಪೋಕೆಮಾನ್ ಕ್ಲಾಸಿಕ್ ಎಂಬ ಕಪ್ಪು ಪೆಟ್ಟಿಗೆಯ ಚಿತ್ರ ಕಣ್ಣಿಗೆ ಬಿದ್ದೀತು. ಬಂದಾಗ ಅಮೆರಿಕದಲ್ಲಿ ಅದರ ಬೆಲೆ ಸುಮಾರು ನಾನೂರು ಡಾಲರ್ ಇತ್ತು, ಅದು ಸಂಗ್ರಾಹಕರ ಕಪಾಟಿಗೆ ಮಾಡಿದ್ದು, ಮಕ್ಕಳ ಚಾಪೆಗೆ ಅಲ್ಲ.

ನೇರಳೆಮರ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ವಂದನೆಗಳು. ಮೊನೊಪಲಿಯನ್ನು ಕೈಬಿಟ್ಟೆ. ಲ್ಯಾಬಿರಿಂತ್ ಬೇಕೆಂದು ಅಣ್ಣನಿಗೆ ತಿಳಿಸಿದ್ದೇನೆ. ಎರಡನೆಯದಾಗಿ ಬ್ಯಾಟಲ್ ಅಕಾಡೆಮಿಯೋ ಹಳೆಯ ಮಾಸ್ಟರ್ ಟ್ರೇನರೋ ಎಂಬಲ್ಲಿ ನಿಂತಿದ್ದೇನೆ. ಕಾರ್ಡಿನ ಇಂಗ್ಲಿಷ್ ಒಂದೇ ಅಡ್ಡಿಯಾಗಿದ್ದರೆ ಅದಕ್ಕೆ ಏನಾದರೂ ಉಪಾಯ ಮಾಡಬಹುದೇ?

ಇನ್ನೊಂದು ವಿಷಯ. ಪಕ್ಕದ ಮನೆಯ ಹುಡುಗನ ಬಳಿ ಚಿನ್ನದ ಬಣ್ಣದ ಪೋಕೆಮಾನ್ ಕಾರ್ಡ್‌ಗಳ ದೊಡ್ಡ ಕಟ್ಟು ಇದೆ, ಪೇಟೆಯ ಅಂಗಡಿಯೊಂದರಲ್ಲಿ ಬಹಳ ಅಗ್ಗಕ್ಕೆ ಸಿಕ್ಕಿತಂತೆ. ಅದನ್ನೇ ಕೊಂಡು ಆಡಿದರೆ ಸಾಲದೇ ಎಂದು ಮಗ ಕೇಳುತ್ತಿದ್ದಾನೆ.

ಬಿಲ್ಲೆಸಂಗ್ರಹ:

ಚಿನ್ನದ ಕಾರ್ಡಿನ ವಿಷಯವನ್ನು ಮೊದಲು ಮುಗಿಸುತ್ತೇನೆ. ಅಗ್ಗದ ಬೆಲೆಗೆ ಹತ್ತಾರು ಕಾರ್ಡ್ ಒಂದೇ ಕಟ್ಟಿನಲ್ಲಿ ಬರುವ ಆ ಹೊಳಪಿನ ಪ್ಲಾಸ್ಟಿಕ್ ಕಾರ್ಡ್‌ಗಳು ನಕಲಿ. ಆಡುವುದಕ್ಕೂ ಅವು ಬಾರವು, ಏಕೆಂದರೆ ಕಟ್ಟಿನ ತುಂಬ ಬಲಿಷ್ಠ ಪೋಕೆಮಾನ್‌ಗಳೇ ಇರುತ್ತವೆ. ಅವುಗಳಿಗೆ ಬೇಕಾದ ಶಕ್ತಿಯ ಕಾರ್ಡ್‌ಗಳೂ ಇಲ್ಲ, ಮೊದಲ ಹಂತದ ಮರಿಗಳೂ ಇಲ್ಲ. ಮರಿಯಿಂದ ಬೆಳೆಸಿಯೇ ಇಳಿಸಬೇಕಾದ ಚಾರಿಜಾರ್ಡ್ ಕೈಯಲ್ಲಿದ್ದು, ಚಾರ್ಮಾಂಡರ್ ಎಲ್ಲಿಯೂ ಇಲ್ಲದಿದ್ದರೆ ಏನು ಮಾಡಲು ಸಾಧ್ಯ? ರಟ್ಟಿನ ನಕಲಿ ಕಾರ್ಡ್‌ಗಳೂ ಇವೆ. ಹಿಂಬದಿಯ ನೀಲಿ ಬಣ್ಣ ಪೇಲವವಾಗಿರುವುದು, ಅಕ್ಷರಗಳು ದಪ್ಪ ಸಣ್ಣ ಆಗಿರುವುದು, ಪೋಕೆಮಾನ್ ಎಂಬ ಇಂಗ್ಲಿಷ್ ಹೆಸರಿನಲ್ಲಿ ಇ ಅಕ್ಷರದ ಮೇಲಿನ ಸಣ್ಣ ಗೆರೆ ಬಿಟ್ಟುಹೋಗಿರುವುದು ಅವುಗಳ ಸಾಮಾನ್ಯ ಲಕ್ಷಣಗಳು. ಟಾರ್ಚಿಗೆ ಅಡ್ಡ ಹಿಡಿದಾಗ ಬೆಳಕು ಧಾರಾಳವಾಗಿ ತೂರಿಬಂದರೆ ಅನುಮಾನಪಡಿ, ಅಸಲಿ ಕಾರ್ಡಿನ ರಟ್ಟಿನ ನಡುವೆ ಕಪ್ಪಾದ ತೆಳು ಪದರವೊಂದು ಇರುತ್ತದೆ. ಇಷ್ಟಾಗಿಯೂ ಪಕ್ಕದ ಮನೆಯ ಹುಡುಗನ ಮುಂದೆ ಇದನ್ನು ಹೇಳಿ ಅವನ ಮನಸ್ಸು ನೋಯಿಸುವ ಅಗತ್ಯವಿಲ್ಲ.

ಇಂಗ್ಲಿಷ್ ಬರಹಕ್ಕೆ ಉಪಾಯ ಇದೆ, ಆದರೆ ಎರಡು ಆಟಗಳಿಗೂ ಅದು ಸಮನಾಗಿ ಒದಗುವುದಿಲ್ಲ. ಮಾಸ್ಟರ್ ಟ್ರೇನರ್‌ನ ಕಾರ್ಡ್‌ಗಳಲ್ಲಿ ಒಂದೆರಡು ಸಾಲು ಮಾತ್ರ ಇರುತ್ತದೆ. ಕಾರ್ಡ್‌ಗಳನ್ನು ಪಾರದರ್ಶಕ ಪ್ಲಾಸ್ಟಿಕ್ ಕವಚದಲ್ಲಿ ಹಾಕಿ, ಅದರೊಳಗೆ ಕನ್ನಡದಲ್ಲಿ ಬರೆದ ಚೀಟಿಯನ್ನು ಸೇರಿಸಿಬಿಟ್ಟರೆ ಅತ್ತೆಯವರು ತಾವೇ ಓದಿಕೊಳ್ಳುತ್ತಾರೆ. ಮಗನಿಗೆ ಭಾನುವಾರದ ಒಂದು ಮಧ್ಯಾಹ್ನದ ಕೆಲಸವೂ ಆಯಿತು. ಬ್ಯಾಟಲ್ ಅಕಾಡೆಮಿಯಲ್ಲಿ ನೂರೆಂಬತ್ತು ಕಾರ್ಡ್‌ಗಳಿವೆ. ಶಕ್ತಿಯ ಕಾರ್ಡ್‌ಗಳಿಗೆ ಚೀಟಿ ಬೇಡ ಎಂದುಕೊಂಡರೂ ಉಳಿದವುಗಳಲ್ಲಿ ಷರತ್ತುಗಳ ಮೇಲೆ ಷರತ್ತುಗಳಿರುತ್ತವೆ, ಅದನ್ನು ಕವಚದ ಚೀಟಿಗೆ ಇಳಿಸುವುದು ಕಷ್ಟ.

ಎರಡನೆಯ ಪೆಟ್ಟಿಗೆಯ ಬಗ್ಗೆ ನನ್ನ ಮತ ಮಾಸ್ಟರ್ ಟ್ರೇನರ್ ಕಡೆಗಿದೆ, ಆದರೆ ಅದಕ್ಕೆ ಒಂದು ಮನೆನಿಯಮವನ್ನು ಸೇರಿಸಬೇಕು. ಪೋಕೆಮಾನ್ ಸೃಷ್ಟಿಸಿದ ಸತೋಶಿ ತಾಜಿರಿ ಅವರು ಬಾಲ್ಯದಲ್ಲಿ ಟೋಕಿಯೊ ಹೊರವಲಯದ ಮಾಚಿದಾದಲ್ಲಿ ಕೀಟಗಳನ್ನು ಹಿಡಿದು ಕೂಡಿಡುತ್ತಿದ್ದರು, ಪೋಕೆಮಾನ್‌ನ ಬೀಜ ಅಲ್ಲಿದೆ ಎಂಬುದು ಬಹಳ ಜನರಿಗೆ ಗೊತ್ತು. ಹಿಡಿಯುವುದರಷ್ಟೇ ಮುಖ್ಯವಾಗಿದ್ದದ್ದು ವಿನಿಮಯ ಎಂಬುದನ್ನು ಮರೆಯುತ್ತೇವೆ. 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಮೊದಲ ವಿಡಿಯೊ ಆಟದ ಕೆಂಪು ಮತ್ತು ಹಸಿರು ಎಂದು ಎರಡು ಆವೃತ್ತಿಗಳು ಬಂದದ್ದೇ ಅದಕ್ಕಾಗಿ. ಎಕಾನ್ಸ್ ಎಂಬ ಹಾವು ಕೆಂಪಿನಲ್ಲಿ ಮಾತ್ರ ಸಿಗುತ್ತಿತ್ತು, ಸ್ಯಾಂಡ್‌ಶ್ರೂ ಹಸಿರಿನಲ್ಲಿ ಮಾತ್ರ. ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರಗಳೆರಡನ್ನು ತಂತಿಯಿಂದ ಜೋಡಿಸಿ ಗೆಳೆಯನೊಂದಿಗೆ ಬದಲಾಯಿಸಿಕೊಳ್ಳದೆ ಪಟ್ಟಿ ಪೂರ್ತಿಯಾಗುತ್ತಿರಲಿಲ್ಲ. ಹಾಂಟರ್ ಎಂಬುದು ಗೆಂಗಾರ್ ಆಗಬೇಕಾದರೆ ಅದನ್ನು ಇನ್ನೊಬ್ಬರ ಕೈಗೆ ಕೊಡಲೇಬೇಕಾಗಿತ್ತು. ಕ್ಯಾಡಾಬ್ರಾ, ಮಚೋಕ್, ಗ್ರಾವ್ಲರ್‌ಗಳ ಕಥೆಯೂ ಅದೇ. ಮೇಲೆ ಚರ್ಚೆಯಾದ ನಾಲ್ಕು ಪೆಟ್ಟಿಗೆಗಳಲ್ಲಿ ಕೊಟ್ಟು ತೆಗೆದುಕೊಳ್ಳುವುದಕ್ಕೆ ಸ್ವಲ್ಪವಾದರೂ ಜಾಗವಿರುವುದು, ವಿಚಿತ್ರವೆಂದರೆ, ಎಲ್ಲರೂ ಸೇರಿ ತಳ್ಳಿಹಾಕಿದ ಮೊನೊಪಲಿಯಲ್ಲಿ.

ನಾವು ಮಾಡಿಕೊಂಡಿರುವ ನಿಯಮ ಇಷ್ಟೇ. ಊರಿನ ಚೌಕದಲ್ಲಿ ನಿಂತವರು ತಮ್ಮ ಒಂದು ಬಿಲ್ಲೆಯನ್ನು ಯಾರೊಂದಿಗಾದರೂ, ಇಬ್ಬರೂ ಒಪ್ಪಿದರೆ, ಬದಲಾಯಿಸಿಕೊಳ್ಳಬಹುದು. ಹಾಗೆ ಕೈ ಬದಲಿಸಿದ ಎರಡು ಬಿಲ್ಲೆಗಳೂ ಮುಂದಿನ ಒಂದು ಸೆಣಸಾಟದಲ್ಲಿ ಒಂದು ಅಂಕ ಹೆಚ್ಚು ಪಡೆಯುತ್ತವೆ. ಆ ಒಂದು ಅಂಕವಿಲ್ಲದಿದ್ದರೆ ಯಾರೂ ಬದಲಾಯಿಸಲು ಮುಂದಾಗುವುದಿಲ್ಲ. ಅಂಕವಿದ್ದರೆ ಮಾತುಕತೆ ಶುರುವಾಗುತ್ತದೆ, ಆಗ ಆಟ ದಾಳದ ಕೈಯಿಂದ ಆಡುವವರ ಕೈಗೆ ಬರುತ್ತದೆ. ಚೌಕಾಬಾರದ ಅತ್ತೆಯವರಿಗೆ ಇದು ಹಿಡಿಸುತ್ತದೆ ಎಂದು ನನಗೆ ನಂಬಿಕೆ ಇದೆ. ಆದರೆ ಆರು ವರ್ಷದ ಮಗುವಿನೊಂದಿಗೆ ವಿನಿಮಯ ಮಾಡುವಾಗ ದೊಡ್ಡವರೊಬ್ಬರು ಒಪ್ಪಿಗೆ ಕೊಡಬೇಕೆಂಬ ಷರತ್ತು ಹಾಕಿ. ಅಣ್ಣಂದಿರು ಕ್ಯಾಟರ್ಪಿ ಎಂಬ ದುರ್ಬಲ ಹುಳುವನ್ನು ತೋರಿಸಿ ತಂಗಿಯ ಬಲಿಷ್ಠ ಬಿಲ್ಲೆಯನ್ನು ಹೊಡೆದುಕೊಳ್ಳುವುದು ಎಲ್ಲ ಮನೆಗಳಲ್ಲೂ ನಡೆಯುವಂಥದ್ದು.

ಮಾಸ್ಟರ್ ಟ್ರೇನರ್‌ನ ಪೂರ್ಣ ಪ್ರತಿ ಸಿಗದೆ ಹೋದರೆ, ಮಾರ್ಕ್ ಆಂಡ್ರೆ ಅವರ ಸ್ಪ್ಲೆಂಡರ್ ಎಂಬ 2014ರ ಆಟಕ್ಕೆ ಪೋಕೆಮಾನ್ ಆವೃತ್ತಿಯಿದೆ, ಅದನ್ನೂ ಅಣ್ಣನವರಿಗೆ ಹುಡುಕಲು ಹೇಳಿ. ರತ್ನಗಳ ಬದಲು ಚೆಂಡುಗಳನ್ನು ಕೂಡಿಸಿ ಪೋಕೆಮಾನ್ ಹಿಡಿಯುವುದು, ಹಿಡಿದದ್ದನ್ನು ಮೇಲಿನ ಹಂತಕ್ಕೆ ಬೆಳೆಸುವುದು ಅದರಲ್ಲಿದೆ. ಎಲ್ಲವೂ ಬಣ್ಣ ಮತ್ತು ಸಂಖ್ಯೆಗಳಲ್ಲೇ ನಡೆಯುವುದರಿಂದ ಓದುವ ತೊಂದರೆ ಇಲ್ಲ. ಮಗಳಿಗೆ ಮಾತ್ರ ಇನ್ನೆರಡು ವರ್ಷ ಬೇಕಾದೀತು.

ಹಳೆಯಪಟ:

ವಿನಿಮಯದ ನಿಯಮ ನನಗೆ ಹೊಸದು, ಮುಂದಿನ ವಾರ ತಂಗಿ ಬಂದಾಗ ಅಟ್ಟದಿಂದ ಪಟ ಇಳಿಸುತ್ತೇನೆ. ಹೆಚ್ಚುವರಿ ಅಂಕವನ್ನು ಮರೆಯದಿರಲು ಬಿಲ್ಲೆಯ ಮೇಲೆ ಒಂದು ಹುಣಸೆಬೀಜ ಇಟ್ಟುಕೊಂಡರೆ ಸಾಕು ಎನಿಸುತ್ತದೆ, ಸೆಣಸಾಟ ಮುಗಿದ ಕೂಡಲೇ ತೆಗೆದುಬಿಡಬಹುದು.

ನೇರಳೆಮರ:

ಅಣ್ಣನಿಗೆ ಮಾಸ್ಟರ್ ಟ್ರೇನರ್‌ನ ಒಂದು ಪ್ರತಿ ಸಿಕ್ಕಿದೆ. ಬಿಲ್ಲೆಗಳ ಛಾಯಾಚಿತ್ರವನ್ನು ಮಾರುವವರು ಕಳುಹಿಸಿದ್ದಾರೆ, ಐದೂ ಬಣ್ಣಗಳು ಕಾಣುತ್ತಿವೆ. ಬ್ಯಾಟಲ್ ಅಕಾಡೆಮಿಯನ್ನು ಮಗನ ಮುಂದಿನ ಹುಟ್ಟುಹಬ್ಬಕ್ಕೆ ಇಟ್ಟುಕೊಂಡಿದ್ದೇವೆ. ಈ ನಡುವೆ ಲ್ಯಾಬಿರಿಂತ್ ನಿಯಮಗಳನ್ನು ಮಗ ಕವಡೆ ಅವರ ಉತ್ತರದಿಂದಲೇ ಅಜ್ಜಿಗೆ ಓದಿ ಹೇಳಿದ. ಅವರು ಕೇಳಿದ ಮೊದಲ ಪ್ರಶ್ನೆಗೇ ಅವನ ಬಳಿ ಉತ್ತರವಿರಲಿಲ್ಲ: ಹೊರಗೆ ಬೀಳುವ ಬಿಲ್ಲೆಯ ಮೇಲೆ ನನ್ನ ಕಾಯಿ ನಿಂತಿದ್ದರೆ ಅದು ಸತ್ತಂತೆಯೋ?

ಕವಡೆ:

ಸಾಯುವುದಿಲ್ಲ. ಹೊರಗೆ ಬಿದ್ದ ಬಿಲ್ಲೆಯ ಮೇಲಿನ ಕಾಯಿಯನ್ನು ಎತ್ತಿ, ಎದುರು ಅಂಚಿನಲ್ಲಿ ಈಗಷ್ಟೇ ಒಳಗೆ ಬಂದ ಬಿಲ್ಲೆಯ ಮೇಲೆ ಇಡಬೇಕು. ಇದು ನಡೆಯ ಲೆಕ್ಕಕ್ಕೆ ಬರುವುದಿಲ್ಲ, ತಳ್ಳಿದವರು ತಮ್ಮ ಕಾಯಿಯನ್ನು ಅಲ್ಲಿಂದ ಮುಂದೆ ಎಂದಿನಂತೆ ನಡೆಸಬಹುದು. ಬೇಕೆಂದೇ ಅಂಚಿನಲ್ಲಿ ನಿಂತು, ಮರುಸರದಿಯಲ್ಲಿ ತಮ್ಮನ್ನು ತಾವೇ ಹೊರಗೆ ತಳ್ಳಿಕೊಂಡು ಪಟದ ಆಚೆ ಬದಿಗೆ ಒಂದೇ ಏಟಿಗೆ ದಾಟುವುದು ಈ ಆಟದ ಒಳ್ಳೆಯ ಉಪಾಯಗಳಲ್ಲಿ ಒಂದು. ಪೆಟ್ಟಿಗೆ ಬರುವ ಮೊದಲೇ ಆ ಪ್ರಶ್ನೆ ಕೇಳಿದ್ದಾರೆ ಎಂದರೆ ನಿಮ್ಮ ಮಗ ಸ್ವಲ್ಪ ಎಚ್ಚರವಾಗಿರುವುದು ಒಳ್ಳೆಯದು.